ಈರನ ಮನೆಯ ಮೊದಲ ಸಾಲು

ಕಾಸರಕೋಡಿನಲ್ಲಿ ಬಲೆಯ ಗಂಟು ಮುಟ್ಟಿ, ಅದು ಯಾರ ಕೈಯದೆಂದು ಹೇಳಬಲ್ಲವಳು ದುರ್ಗಿಯೊಬ್ಬಳೇ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಹರಿದ ಬಲೆಯನ್ನು ತಂದು ಮಡಿಲಿಗೆ ಹಾಕಿದರೆ ಸಾಕು, ನಾಲ್ಕು ಗಂಟುಗಳ ಮೇಲೆ ಬೆರಳಾಡಿಸಿ, "ಇದು ಕರ್ಕಿ ಬದಿಯವರ ಕೆಲಸ, ಅವರಿಗೆ ಯಾವಾಗಲೂ ಅವಸರ" ಎನ್ನುತ್ತಿದ್ದಳು. ಹೇಳಿದ್ದು ಒಮ್ಮೆಯೂ ಸುಳ್ಳಾಗಲಿಲ್ಲ.

ಅವಳನ್ನು ಭಟ್ಕಳದ ಬೆಳಕೆಗೆ ಕೊಟ್ಟಿದ್ದರು. ಗಂಡ ಒಂದು ಮಳೆಗಾಲದ ಮೊದಲ ಗಾಳಿಗೆ ಸಿಕ್ಕಿ ಸಮುದ್ರದಲ್ಲೇ ಉಳಿದ. ಮಕ್ಕಳಿರಲಿಲ್ಲ. ೧೯೭೨ರಲ್ಲಿ ತವರಿಗೆ ಮರಳಿದವಳು ಅಳುತ್ತ ಕೂರದೆ ಬಲೆ ಹೆಣೆಯುವ ಸೂಜಿ ಹಿಡಿದಳು. ಹತ್ತಿಯ ನೂಲು ಹೋಗಿ ನೈಲಾನು ಬರುತ್ತಿದ್ದ ಕಾಲ ಅದು. ಹೊಸ ನೂಲು ಜಾರುತ್ತದೆ, ಗಂಟು ನಿಲ್ಲುವುದಿಲ್ಲ ಎಂದು ಗಂಡಸರೇ ಗೊಣಗುತ್ತಿರುವಾಗ ದುರ್ಗಿ ಒಂದು ಸುತ್ತು ಹೆಚ್ಚು ಹಾಕಿ ನಿಲ್ಲಿಸಿ ತೋರಿಸಿದಳು. ಅಂದಿನಿಂದ ಅವಳ ಜಗಲಿಯಲ್ಲಿ ಬಲೆಯಿಲ್ಲದ ದಿನವಿಲ್ಲ.

ಮನೆಯಲ್ಲಿ ಮುದುಕಿ ತಾಯಿ ಕಮಲಿ, ಅಣ್ಣ ಮಾಸ್ತಿ, ಅತ್ತಿಗೆ ಮಂಜಿ. ಮಾಸ್ತಿ ದಂಪತಿಗೂ ಮಕ್ಕಳಿಲ್ಲ. ತಂದೆ ಈರ ತೀರಿಕೊಂಡದ್ದು ೧೯೬೮ರಲ್ಲಿ. ಬಲು ಗಟ್ಟಿ ಆಳಾಗಿದ್ದ ಈರನಿಗೆ ನಲವತ್ತು ದಾಟಿದ ಮೇಲೆ ನಡಿಗೆ ತೂಗತೊಡಗಿ, ಮಾತು ಉರುಳತೊಡಗಿ, ಕೊನೆಗೊಂದು ದಿನ ಅವನು ಬಾವಿಕಟ್ಟೆಯ ಬಳಿ ಬಿದ್ದು ತಲೆಗೆ ಪೆಟ್ಟಾಗಿ ಹೋದ. ಊರವರು ಕುಡಿತ ಎಂದರು. ಈರ ಕುಡಿಯುತ್ತಿರಲಿಲ್ಲ. ಆದರೆ ಸತ್ತವನ ಪರವಾಗಿ ವಾದಿಸುವುದಕ್ಕೆ ಯಾರಿಗೆ ಪುರುಸೊತ್ತು?

ಆ ಮನೆಗೆ ಎರಡು ಸಂಗತಿಗಳು ಹಿರಿಯರಿಂದ ಬಂದಿದ್ದವು. ಒಂದು, ಶ್ರಾವಣದ ನೂಲ ಹುಣ್ಣಿಮೆಯಂದು ಊರಿನ ಪರವಾಗಿ ಸಮುದ್ರಕ್ಕೆ ಮೊದಲ ತೆಂಗಿನಕಾಯಿ ಬಿಡುವ ಮರ್ಯಾದೆ. ಇನ್ನೊಂದು, ಅದೇ ಹುಣ್ಣಿಮೆಯ ಮಧ್ಯಾಹ್ನ ಮನೆಯ ಪ್ರತಿಯೊಬ್ಬರೂ ಹನ್ನೆರಡು ಕಣ್ಣಿನ ಒಂದು ಸಾಲು ಬಲೆ ಕಟ್ಟುವ ಪದ್ಧತಿ. ಬಲೆಯ ಕಣ್ಣುಗಳು ಒಂದೇ ಸಮನಾಗಿರಲೆಂದು ಉಳಿದ ದಿನ ಬಿದಿರಿನ ಪಟ್ಟಿ ಇಟ್ಟು ಹೆಣೆಯುತ್ತಾರೆ. ಆ ದಿನ ಮಾತ್ರ ಪಟ್ಟಿ ಮುಟ್ಟುವಂತಿಲ್ಲ. ಬೆರಳಿನ ಅಳತೆಯೇ ಅಳತೆ. ಕಟ್ಟಿದ ಸಾಲನ್ನು ಹೋದ ವರ್ಷದ ಸಾಲಿನ ತುದಿಗೆ ಗಂಟು ಹಾಕಿ, ಚಾಪೆಯ ಹಾಗೆ ಸುತ್ತಿ, ಹಂಚಿನ ಕೆಳಗಿನ ತೊಲೆಯ ಮೇಲೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸುರುಳಿ. ಅದರಿಂದ ಮೀನು ಹಿಡಿಯುವುದಿಲ್ಲ, ಅದು ಸಮುದ್ರದ್ದು. ಕಟ್ಟಿದವ ಸತ್ತರೆ ಹನ್ನೆರಡನೆಯ ದಿನ ಸುರುಳಿಯನ್ನು ನೀರಿಗೆ ಬಿಡಬೇಕು.

ಕಮಲಿ ಗಂಡನ ಸುರುಳಿಯನ್ನು ಬಿಡಲಿಲ್ಲ. "ಅವರ ಕೈ ಉಳಿದದ್ದು ಅದೊಂದರಲ್ಲೇ" ಎಂದುಕೊಂಡು ಸೀರೆಯ ತುಂಡಿನಲ್ಲಿ ಕಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟಳು. ಇದು ಯಾರಿಗೂ ಗೊತ್ತಿರಲಿಲ್ಲ.

ಮಾಸ್ತಿ ದೇವಪ್ಪ ತಾಂಡೇಲನ ದೋಣಿಗೆ ಹೋಗುತ್ತಿದ್ದ. ದೋಣಿಯ ಹಿರಿಯನಿಗೆ ಅಲ್ಲಿ ತಾಂಡೇಲ ಎನ್ನುವುದು. ದೇವಪ್ಪ ದೋಣಿಗೆ ಮಾತ್ರವಲ್ಲ, ಊರ ಪಂಚಾಯ್ತಿಗೂ ತಾಂಡೇಲನೇ. ಮಾಸ್ತಿಯ ಕಾಲು ತೂಗತೊಡಗಿ ಎರಡು ಮೂರು ವರ್ಷವಾದರೂ ಯಾರೂ ಗಮನಿಸಲಿಲ್ಲ. ಸಮುದ್ರದಿಂದ ಇಳಿದವ ದಡದ ಮೇಲೆ ಸ್ವಲ್ಪ ತೂಗುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ೧೯೮೧ರ ಬೇಸಗೆಯ ಒಂದು ಬೆಳಿಗ್ಗೆ, ಬಂಗಡೆ ತುಂಬಿದ ಬುಟ್ಟಿ ಹೊತ್ತು ಹಲಗೆಯ ಮೇಲಿಂದ ಇಳಿಯುವಾಗ ಅವನು ಬುಟ್ಟಿಯ ಸಮೇತ ನೀರಿಗೆ ಬಿದ್ದ. ಅದು ಆ ತಿಂಗಳಿನಲ್ಲಿ ಮೂರನೆಯ ಸಲ.

"ಹೊತ್ತು ಹುಟ್ಟುವ ಮೊದಲೇ ಏರಿಸ್ಕೊಂಡು ಬಂದಿಯನೋ?" ಎಂದ ದೇವಪ್ಪ. "ಅಪ್ಪನ ದಾರಿ ಹಿಡ್ದೆಯಲ್ಲ. ತಲೆ ಅಲ್ಲಾಡಿಸಿದ್ರೆ ಶೇಂದಿ ಕುಲುಕುವ ಸದ್ದು ಕೇಳ್ತದೆ."

ಆಳುಗಳು ನಕ್ಕರು. ಮಾಸ್ತಿ ಉತ್ತರಿಸಲು ಹೋದ. ನಾಲಿಗೆ ಉರುಳಿತು. ಉರುಳಿದ ನಾಲಿಗೆಯೇ ಅವನ ವಿರುದ್ಧ ಸಾಕ್ಷಿಯಾಯಿತು. ದೇವಪ್ಪ ಅಂದೇ ಅವನನ್ನು ದೋಣಿಯಿಂದ ಬಿಡಿಸಿದ.

ಆ ವರ್ಷ ನೂಲ ಹುಣ್ಣಿಮೆಗೆ ಎಂಟು ದಿನವಿರುವಾಗ ಪಂಚಾಯ್ತಿ ಕೂಡಿ, ಕುಡುಕನ ಕೈಯಿಂದ ಸಮುದ್ರಕ್ಕೆ ಕಾಯಿ ಬಿಡಿಸುವುದು ಬೇಡ ಎಂದು ತೀರ್ಮಾನಿಸಿತು. ಮಾಸ್ತಿ ಜಗಲಿಯಲ್ಲಿ ಗೋಡೆಗೆ ಮುಖಮಾಡಿ ಕುಳಿತ. ದೋಣಿ ತಪ್ಪಿದ್ದಕ್ಕೆ ಅವನು ಅಷ್ಟು ನೊಂದಿರಲಿಲ್ಲ. "ಕುಡುಕ ಅಂದ್ರಲ್ಲ ದುರ್ಗಿ, ಅಪ್ಪನನ್ನೂ ಸೇರಿಸಿ ಅಂದ್ರು" ಎಂದಷ್ಟೇ ಹೇಳಿದ.

ದುರ್ಗಿ ಆಗಲೇ ನಿಶ್ಚಯಿಸಿದಳು. ಆ ಮಾತನ್ನು ಹೇಳಿದ ಬಾಯಿಂದಲೇ ಹಿಂದಕ್ಕೆ ತೆಗೆಸಬೇಕು. ಹೇಗೆ ಎಂಬುದು ಗೊತ್ತಿರಲಿಲ್ಲ. ಆದೀತು ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ.

ದಾರಿ ತೋರಿಸಿದ್ದು ಕಮಲಿಯ ಹೆದರಿಕೆ. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಮುದುಕಿ ಒಬ್ಬಳೇ ದಡಕ್ಕೆ ಹೋಗುವುದನ್ನು ಕಂಡು ದುರ್ಗಿ ಹಿಂದೆ ಹೋದಳು. ತಾಯಿಯ ಕೈಯಲ್ಲಿ ಸೀರೆಯ ಗಂಟು.

"ಎಂತದು ಅವ್ವಿ?"

"ನಿನ್ನ ಅಪ್ಪನ ಸುರುಳಿ. ಅವತ್ತೇ ಬಿಡ್ಬೇಕಿತ್ತು. ನಾನು ಇಟ್ಕೊಂಡೆ. ಅದಕ್ಕೇ ಮಗನ ಮೈಮೇಲೆ ಬಂದು ಕೂತಿದ್ದಾರೆ."

"ಕೊಡು ಇಲ್ಲಿ."

"ಬೇಡ, ಹೋಗ್ಲಿ ಅದು."

ದುರ್ಗಿ ಗಂಟನ್ನು ಕಸಿಯಲಿಲ್ಲ. ತಾಯಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತು, ಅವಳ ಮಡಿಲಲ್ಲೇ ಅದನ್ನು ಬಿಚ್ಚಿ, ಅಪ್ಪನ ಕೈಯನ್ನು ಬೆರಳಿನಿಂದ ಓದತೊಡಗಿದಳು. ಒಳಗಿನ ಸಾಲುಗಳಲ್ಲಿ ಒಂದೊಂದು ಕಣ್ಣೂ ಅಚ್ಚಿನಲ್ಲಿ ಎರಕ ಹೊಯ್ದಂತಿತ್ತು. ಹೊರಕ್ಕೆ ಬಂದಂತೆ ಒಂದು ಕಣ್ಣು ಹಿರಿದು, ಒಂದು ಕಿರಿದು. ಕೊನೆಯ ಸಾಲಿನಲ್ಲಿ ಹನ್ನೆರಡಕ್ಕೆ ಒಂಬತ್ತೇ ಇದ್ದವು. ಮನೆಗೆ ಓಡಿ ಮಾಸ್ತಿಯ ಸುರುಳಿಯನ್ನೂ ತೊಲೆಯಿಂದ ಇಳಿಸಿದಳು. ಅಲ್ಲಿಯೂ ಅದೇ ಕಥೆ. ಸಾಲುಗಳು ಮಾತ್ರ ಇನ್ನೂ ಅಷ್ಟು ಕೆಟ್ಟಿರಲಿಲ್ಲ.

ಮರುವಾರ ಅವಳು ತಾಯಿಯನ್ನು ಒಪ್ಪಿಸಿ, ಸುರುಳಿಗಳನ್ನು ಚೀಲಕ್ಕೆ ಹಾಕಿಕೊಂಡು, ಸೇತುವೆ ದಾಟಿ ಹೊನ್ನಾವರಕ್ಕೆ ಹೋದಳು. ಅಲ್ಲಿ ಡಾಕ್ಟರ್ ವಿಘ್ನೇಶ್ವರ ಹೆಗಡೆಯವರ ದವಾಖಾನೆ. ಕುಮಟೆಯ ಕಡೆಯ ತೋಟದ ಮನೆತನದವರು, ಬೊಂಬಾಯಿಯಲ್ಲಿ ಓದಿ ಬಂದವರು, ಸಾವಕಾಶದ ಮನುಷ್ಯ. ರೋಗಿಗಳೆಲ್ಲ ಹೋಗುವವರೆಗೆ ಕಾದಿದ್ದು, ದುರ್ಗಿ ಬೆಂಚಿನ ಮೇಲೆ ಬಲೆ ಹಾಸಿದಳು.

"ಇದೆಂತ ತಂದಿದ್ದೀ? ನಾನು ಮೀನು ತಿನ್ನುವವನೂ ಅಲ್ಲ, ಹಿಡಿಯುವವನೂ ಅಲ್ಲ" ಎಂದರು ಡಾಕ್ಟರು.

ಅವಳು ಎಲ್ಲವನ್ನೂ ಹೇಳಿದಳು. ಅವರ ನಗು ನಿಂತಿತು. ಮೇಜಿನಿಂದ ಅಡಿಕೋಲು ತೆಗೆದು, ಈರನ ಸುರುಳಿ ಬಿಚ್ಚುತ್ತ ಒಂದೊಂದೇ ಕಣ್ಣನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಅರ್ಧ ಗಂಟೆಯ ಮೇಲೆ ಕನ್ನಡಕ ತೆಗೆದು, "ದುರ್ಗಿ, ನೀನು ಹೇಳಿದ್ದಕ್ಕೆ ಇದು ಉಲ್ಟಾ ಆಯಿತಲ್ಲ. ನಿನ್ನ ಅಪ್ಪನ ಕೈ ವರ್ಷ ಹೋದ ಹಾಗೆ ಸುಧಾರಿಸಿದೆ" ಎಂದರು.

ದುರ್ಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಹೊರಗೆ ಬಂತು. "ಡಾಕ್ಟ್ರೇ, ಹೊಸ ಸಾಲು ಹೊರಗೆ ಇರ್ತದೆ, ಹಳೆಯದು ಒಳಗೆ. ನೀವು ಅಪ್ಪ ಸತ್ತ ವರ್ಷದಿಂದ ಹಿಡ್ದು ಅವರು ಮದುಮಗನಾಗಿದ್ದ ವರ್ಷದವರೆಗೆ ಓದಿದ್ರಿ."

ಡಾಕ್ಟರು ಬರೆದುಕೊಂಡ ಪುಟವನ್ನು ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ನೋಡಿದರು. ಈರನ ಕೈ ಕೆಡತೊಡಗಿದ್ದು ಅವನ ನಡಿಗೆ ತೂಗುವುದಕ್ಕೆ ಐದು ವರ್ಷ ಮೊದಲೇ. ಯಾವ ವೈದ್ಯನೂ ಕಂಡಿರದ ಐದು ವರ್ಷಗಳು ಆ ನೂಲಿನಲ್ಲಿದ್ದವು.

"ದುರ್ಗಮ್ಮ, ನೀವು ಕೂತ್ಕೊಳ್ಳಿ" ಎಂದರು. ಅಲ್ಲಿಂದ ಮುಂದೆ ಅವರು ಅವಳನ್ನು ಏಕವಚನದಲ್ಲಿ ಕರೆದದ್ದಿಲ್ಲ.

"ಕುಡುಕನ ಕೈಯನ್ನೂ ನಾನು ನೋಡಿದ್ದೇನೆ ಡಾಕ್ಟ್ರೇ. ಒಂದು ವರ್ಷ ಕೆಡ್ತದೆ, ಒಂದು ವರ್ಷ ನೆಟ್ಟಗಾಗ್ತದೆ. ಇದು ಇಳಿದದ್ದು ಮತ್ತೆ ಏರಲೇ ಇಲ್ಲ."

"ನಿಜ. ತಲೆಯ ಹಿಂಬದಿಯಲ್ಲಿ, ಕುತ್ತಿಗೆಯ ಮೇಲೆ, ಕಿರುಮೆದುಳು ಅಂತ ಇದೆ. ನಡಿಗೆಗೂ ಕೈಗೂ ಮಾತಿಗೂ ಹದ ಕೊಡುವುದು ಅದು. ಕೆಲವು ಮನೆಗಳಲ್ಲಿ ಅದು ನಡುವಯಸ್ಸಿಗೆ ಕುಗ್ಗತೊಡಗುತ್ತದೆ. ಅಪ್ಪನಿಂದ ಮಕ್ಕಳಿಗೆ ಬರುತ್ತದೆ." ಅವರು ದುರ್ಗಿಯ ಮುಖ ನೋಡಿದರು. "ಎಲ್ಲ ಮಕ್ಕಳಿಗೂ ಅಲ್ಲ. ನಾಣ್ಯ ಚಿಮ್ಮಿದ ಹಾಗೆ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ."

ದುರ್ಗಿ ಚೀಲದಿಂದ ಮೂರನೆಯ ಸುರುಳಿ ತೆಗೆದಿಟ್ಟಳು. "ಇದು ನಂದು. ಇದನ್ನೂ ಅಳೀರಿ."

ಡಾಕ್ಟರು ಅಳೆದರು, ಈ ಸಲ ಒಳಗಿನಿಂದ ಹೊರಕ್ಕೆ. "ಇಂದಿನವರೆಗೆ ನೇರವಾಗಿದೆ. ನಾಳೆಯದನ್ನು ನಾನು ಹೇಳಲಾರೆ."

"ಇಂದಿನದು ಸಾಕು" ಎಂದಳು ದುರ್ಗಿ.

ಬೊಂಬಾಯಿಯಲ್ಲಿ ತಲೆಬುರುಡೆಯ ಒಳಗಿನ ಚಿತ್ರ ತೆಗೆಯುವ ಹೊಸ ಯಂತ್ರ ಬಂದಿತ್ತು. ಸ್ಕ್ಯಾನ್ ಎನ್ನುತ್ತಿದ್ದರು. ಅದರ ವಿಭಾಗದಲ್ಲಿದ್ದವರು ಹೆಗಡೆಯವರ ಸಹಪಾಠಿ. ಅವರಿಗೆ ಹೆಗಡೆಯವರು ಬಲೆಯ ಅಳತೆಗಳನ್ನೇ ಬರೆದು ಕಳಿಸಿದಾಗ, ರೋಗಿಯನ್ನು ತಕ್ಷಣ ಕಳಿಸಿ ಎಂದು ಉತ್ತರ ಬಂತು. ೧೯೮೨ರ ಜನವರಿಯಲ್ಲಿ ಅಣ್ಣ ತಂಗಿ ಭಟ್ಕಳದಿಂದ ಬರುವ ಬೊಂಬಾಯಿ ಬಸ್ಸು ಹತ್ತಿದರು. ಘಟ್ಟದ ತಿರುವುಗಳಲ್ಲಿ ಎದ್ದು ನಿಂತವರೆಲ್ಲ ಕಂಬ ಹಿಡಿದು ತೂರಾಡುತ್ತಿದ್ದರು. ಮಾಸ್ತಿ ಬಹಳ ದಿನಗಳ ಮೇಲೆ ನಕ್ಕ.

"ನೋಡು ದುರ್ಗಿ, ಇಲ್ಲಿ ಎಲ್ಲರೂ ನನ್ನ ಹಾಗೇ ನಡೀತಾರೆ. ನಾನು ಈ ಬಸ್ಸಿನಲ್ಲೇ ಉಳಿದುಬಿಡ್ತೆ."

ಚಿತ್ರ ಬಂತು, ಜೊತೆಗೆ ಒಂದು ಪತ್ರವೂ ಬಂತು. ಕಿರುಮೆದುಳು ಚಿಕ್ಕದಾಗಿರುವುದು ನಿಜ. ಆದರೆ ಬಹಳ ಕಾಲದ ಕುಡಿತದಿಂದಲೂ ಅದು ಹಾಗಾಗುವುದುಂಟು. ಒಂದೇ ಚಿತ್ರದಿಂದ ಖಚಿತವಾಗಿ ಹೇಳಲಾಗದು ಎಂದು ಅದರಲ್ಲಿ ಬರೆದಿತ್ತು. ಹೆಗಡೆಯವರು ಓದಿ ಹೇಳುವಾಗ ಮಾಸ್ತಿ ತಲೆ ತಗ್ಗಿಸಿದ. ಸುದ್ದಿ ಸೇತುವೆ ದಾಟುವಷ್ಟರಲ್ಲಿ, ಬೊಂಬಾಯಿಯ ಯಂತ್ರವೂ ಕುಡಿತ ಎಂದಿತಂತೆ ಎಂದಾಯಿತು.

ದುರ್ಗಿ ಮಾತ್ರ ಸೋತವಳಂತೆ ಕಾಣಲಿಲ್ಲ. "ಒಮ್ಮೆ ಹೊಳೆ ನೋಡಿದವನಿಗೆ ಭರತವೋ ಇಳತವೋ ಹೇಗೆ ಗೊತ್ತಾಗ್ತದೆ? ಬಂದರಿನ ಕಂಬದ ಮೇಲೆ ಗುರುತು ನೋಡಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಬಂದು ಅದೇ ಕಂಬ ನೋಡ್ಬೇಕು. ಅಲ್ವಾ ಡಾಕ್ಟ್ರೇ?"

"ಅಷ್ಟೇ ದುರ್ಗಮ್ಮ. ಮೂರು ವರ್ಷ ಬಿಟ್ಟು ಇನ್ನೊಂದು ಚಿತ್ರ ತೆಗೆಸೋಣ. ಕುಡಿತದಿಂದ ಆದದ್ದಾದರೆ, ಕುಡಿತ ಬಿಟ್ಟ ಮೇಲೆ ಕುಗ್ಗುವುದು ನಿಲ್ಲಬೇಕು. ಮನೆತನದ್ದಾದರೆ ನಿಲ್ಲುವುದಿಲ್ಲ. ಆದರೆ ಆ ಮೂರು ವರ್ಷ ಇವನು ಕುಡಿದಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ?"

"ಸಾಕ್ಷಿ ನಾನು ಹುಡುಕ್ತೆ."

ಅವಳು ನೆಟ್ಟಗೆ ದೇವಪ್ಪನ ಮನೆಗೆ ಹೋದಳು. ತಾಂಡೇಲ ಅಂಗಳದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ದೇವಪ್ಪ ಮಾವ, ಅಣ್ಣ ಕುಡೀತಾನೆ ಅಂದವರು ನೀವು. ಹಾಗಾದ್ರೆ ಕಾಯುವವರೂ ನೀವೇ ಆಗ್ಬೇಕು."

"ಎಂತ ಮಾತು ಹೆಣ್ಣೇ ಇದು?"

"ನಾಳೆಯಿಂದ ಅವನನ್ನು ನಿಮ್ಮ ದೋಣಿಯ ಚಪ್ಪರದಲ್ಲಿ ಕೂರಿಸ್ಕೊಳ್ಳಿ. ಬಲೆ ಒಣಗಿಸಲಿ, ಕಾಗೆ ಓಡಿಸಲಿ. ಊಟ ನಾನು ತಂದು ಕೊಡ್ತೆ. ಕತ್ತಲಾದ್ರೆ ನೀವೇ ಮನೆಗೆ ಬಿಟ್ಟು ಹೋಗಿ. ಮೂರು ವರ್ಷ."

"ಮೂರು ವರ್ಷ ನಾನು ನಿನ್ನ ಅಣ್ಣನ ಬಾಯಿ ಮೂಸಿ ನೋಡ್ತಾ ಕೂರ್ಬೇಕನ?"

"ಕುಡುಕ ಅನ್ಲಿಕ್ಕೆ ಒಂದು ಗಳಿಗೆ ಸಾಕಾಯ್ತಲ್ಲ ಮಾವ. ಅಲ್ಲ ಅನ್ಲಿಕ್ಕೆ ಸ್ವಲ್ಪ ಹೆಚ್ಚು ಬೇಕು."

ದೇವಪ್ಪ ಒರಟನಾದರೂ ಕೆಟ್ಟವನಲ್ಲ. ಎಲೆ ಮಡಚಿ ಬಾಯಿಗೆ ಹಾಕಿಕೊಂಡು, "ಆತು. ನನ್ನ ಕಣ್ಣು ತಪ್ಪಿಸಿ ಕುಡಿಯುವವ ಇನ್ನೂ ಹುಟ್ಟಬೇಕು" ಎಂದ.

ಅವನು ಕಾವಲನ್ನು ಬಲು ನಿಷ್ಠೆಯಿಂದ ನಡೆಸಿದ. ಮೊದಲ ದಿನವೇ ಶೇಂದಿ ಅಂಗಡಿಗೆ ಹೋಗಿ, ಅಂಗಡಿಯ ಶುಕ್ರನಿಗೆ, "ಮಾಸ್ತಿಗೆ ಒಂದು ಹನಿ ಕೊಟ್ಟರೂ ನನಗೆ ಹೇಳ್ಬೇಕು" ಎಂದು ತಾಕೀತು ಮಾಡಿದ.

ಶುಕ್ರ ಬೋಗುಣಿ ಒರೆಸುತ್ತ, "ಅವ ಇಲ್ಲಿಯ ಮೆಟ್ಟಿಲು ಹತ್ತಿದ್ದೇ ಇಲ್ಲವಲ್ಲ ತಾಂಡೇಲ್ರೇ. ಹತ್ತುವವರು ನೀವು" ಎಂದ.

ದೇವಪ್ಪ ಆ ದಿನ ಏನೂ ಕುಡಿಯದೆ ಮನೆಗೆ ಹೋದನಂತೆ.

ಮೂರು ಮಳೆಗಾಲ ಕಳೆದವು. ಚಪ್ಪರದಲ್ಲಿ ಕುಳಿತ ಮಾಸ್ತಿಗೆ ಮೊದಲ ವರ್ಷ ಕೋಲು ಬಂತು. ಎರಡನೆಯ ವರ್ಷ ಊಟದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿಯಬೇಕಾಯಿತು. ಮೂರನೆಯ ವರ್ಷ ಸಂಜೆ ಮನೆಗೆ ಬಿಡುವಾಗ ದೇವಪ್ಪ ತೋಳು ಹಿಡಿದು ನಡೆಸಬೇಕಾಯಿತು. ಮೊದಮೊದಲು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದವನು, ಬರಬರುತ್ತ ಜಗಲಿಯಲ್ಲಿ ಕುಳಿತು ಕಮಲಿ ಕೊಟ್ಟ ಚಾ ಕುಡಿದೇ ಏಳುತ್ತಿದ್ದ. ದುರ್ಗಿ ಹುಣ್ಣಿಮೆ ಬಂದಾಗಲೆಲ್ಲ ಅಣ್ಣನ ಸಾಲನ್ನೂ ತನ್ನ ಸಾಲನ್ನೂ ಹೊನ್ನಾವರಕ್ಕೆ ಒಯ್ದು ಅಳೆಸಿ ತರುತ್ತಿದ್ದಳು.

೧೯೮೫ರ ಬೇಸಗೆಯಲ್ಲಿ ಮತ್ತೆ ಬೊಂಬಾಯಿ ಬಸ್ಸು, ಮತ್ತೆ ಅದೇ ಯಂತ್ರ. ಈ ಸಲ ಪತ್ರದಲ್ಲಿ 'ಆದರೆ' ಎಂಬ ಪದವಿರಲಿಲ್ಲ. ಎರಡು ಚಿತ್ರಗಳನ್ನು ಒಂದೇ ಮಟ್ಟದಲ್ಲಿ ಹೋಲಿಸಿ ನೋಡಿದ್ದೇವೆ, ಮೂರು ವರ್ಷದಲ್ಲಿ ಕಿರುಮೆದುಳು ಮತ್ತಷ್ಟು ಕುಗ್ಗಿದೆ, ಕುಡಿತವಿಲ್ಲವೆಂಬುದಕ್ಕೆ ಸಾಕ್ಷಿಯಿರುವುದರಿಂದ ಇದು ವಂಶದ ಕಾಯಿಲೆಯೆಂದೇ ತಿಳಿಯಬೇಕು ಎಂದಿತ್ತು. ಇದಕ್ಕೆ ಇಂದು ಮದ್ದಿಲ್ಲ ಎಂಬ ಮಾತೂ ಇತ್ತು. ಹೆಗಡೆಯವರು ಅದನ್ನು ಮುಚ್ಚಿಡಲಿಲ್ಲ.

ಮಾಸ್ತಿ ನಿಧಾನವಾಗಿ, ಒಂದೊಂದೇ ಅಕ್ಷರ ಹಿಡಿದು ಹೇಳಿದ: "ಮದ್ದಿಲ್ಲದಿದ್ರೆ ಇಲ್ಲ. ಹೆಸರು ಸಿಕ್ಕಿತಲ್ಲ."

ನೂಲ ಹುಣ್ಣಿಮೆಗೆ ಮೊದಲಿನ ಪಂಚಾಯ್ತಿ ದೇವಪ್ಪನ ಚಪ್ಪರದಲ್ಲೇ ಕೂಡಿತು. ದುರ್ಗಿ ಎರಡೂ ಚಿತ್ರಗಳನ್ನು ತಂದು, ಪಡುವಣ ಬಿಸಿಲಿಗೆ ಹಿಡಿದು, "ಇದು ಮೊದಲಿನದು, ಇದು ಈಗಿನದು. ನೋಡಿ" ಎಂದಳು. ಕಪ್ಪು ಹಾಳೆಯಲ್ಲಿ ಬೆಳ್ಳಗಿನ ಬಳೆ, ಬಳೆಯೊಳಗೆ ಬೂದುಬಣ್ಣದ ತಿರುಳು. ಹತ್ತು ಮಂದಿ ಹತ್ತು ಕಡೆಯಿಂದ ಬಗ್ಗಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ದೇವಪ್ಪ ಎರಡನ್ನೂ ಕೈಗೆ ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು, ಆಮೇಲೆ ಬೆರಳಿಟ್ಟು ತೋರಿಸಿದ.

"ಇದು ಚಿಪ್ಪು. ಇದು ತಿರುಳು. ಈ ಹಳೆಯದರಲ್ಲಿ ತಿರುಳು ಚಿಪ್ಪಿನಿಂದ ಬಿಡ್ಲಿಕ್ಕೆ ಸುರು ಆಗಿದೆ. ಹೊಸದರಲ್ಲಿ ಸುತ್ತ ಕಪ್ಪು ನೋಡಿ, ಬೆರಳಗಲ ಬಿಟ್ಟಿದೆ. ಕಾಯಿ ಮರದಲ್ಲೇ ಕೊಬ್ಬರಿ ಆದ ಹಾಗೆ." ಅವನು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡ. "ಶೇಂದಿ ಕುಲುಕ್ತದೆ ಅಂದಿದ್ದೆ ನಾನು. ಮೂರು ವರ್ಷ ಅವನ ಬಾಯಿಗೆ ಹೋದದ್ದು ಗಂಜಿ ಮತ್ತು ನೀರು, ನೋಡಿದವ ನಾನು. ಕುಡುಕ ಅಂದ ಮಾತನ್ನು ವಾಪಸು ತಕಂಡೆ. ಮಾಸ್ತಿಗೆ ಅಂದದ್ದನ್ನೂ, ಈರಣ್ಣನಿಗೆ ಅಂದದ್ದನ್ನೂ."

"ಆದ್ರೆ ಅವನಿಗೆ ನಿಲ್ಲಲಿಕ್ಕೇ ಆಗೂದಿಲ್ಲ. ಕಾಯಿ ಹೇಗೆ ಬಿಡ್ತಾನೆ?" ಎಂದ ಹಿಂದಿನಿಂದ ಒಬ್ಬ.

"ಕಾಯಿ ಬಿಡ್ಲಿಕ್ಕೆ ಕೈ ಬೇಕು. ಕಾಲು ನಂದುಂಟು" ಎಂದ ದೇವಪ್ಪ.

ಹುಣ್ಣಿಮೆಯ ದಿನ ಊರೆಲ್ಲ ದಡಕ್ಕೆ ಬಂದಿತ್ತು. ದೇವಪ್ಪ ಬುಟ್ಟಿಯಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ನೀರು ತುಂಬಿದ್ದನ್ನು ಆರಿಸಿ ಮಾಸ್ತಿಯ ಕೈಗೆ ಕೊಟ್ಟ. ಆಮೇಲೆ ಅವನನ್ನು ಹಿಂದಿನಿಂದ ಎರಡೂ ಕೈಯಲ್ಲಿ ಸೊಂಟಕ್ಕೆ ಹಿಡಿದು ಮೊಣಕಾಲಿನವರೆಗೆ ನೀರಿಗೆ ಇಳಿದ. ಅಲೆ ಬಂದಾಗ ಇಬ್ಬರೂ ತೂಗಿದರು. ಕಾಯಿ ಮಾಸ್ತಿಯ ಕೈಯಿಂದ ಸ್ವಲ್ಪ ಓರೆಯಾಗಿಯೇ ಹೋಯಿತು. ಆದರೂ ಸಮುದ್ರಕ್ಕೇ ಹೋಯಿತು. ಅದರ ಹಿಂದೆ ಕಮಲಿ ತಾನಾಗಿಯೇ ಸೀರೆಯ ಗಂಟು ಬಿಚ್ಚಿ, ಹದಿನೇಳು ವರ್ಷ ಇಟ್ಟುಕೊಂಡಿದ್ದ ಗಂಡನ ಸುರುಳಿಯನ್ನು ನೀರಿಗೆ ಬಿಟ್ಟಳು. ಅದರ ಒಂದೊಂದು ಕಣ್ಣಿನ ಅಳತೆಯೂ ಹೊನ್ನಾವರದ ಪುಸ್ತಕದಲ್ಲಿತ್ತು. ಈಗ ನೂಲು ಹೋದರೂ ನಷ್ಟವಿಲ್ಲವೆಂದು ದುರ್ಗಿಯೇ ಹೇಳಿದ್ದಳು.

ಆ ಮಧ್ಯಾಹ್ನ ಜಗಲಿಯಲ್ಲಿ ಅಣ್ಣ ತಂಗಿ ಎದುರುಬದುರು ಕುಳಿತರು. ದುರ್ಗಿ ತನ್ನ ಹನ್ನೆರಡು ಕಣ್ಣು ಕಟ್ಟಿ ಮುಗಿಸಿ, ಅದನ್ನು ಬೆಳಕಿಗೆ ಹಿಡಿದು ನೋಡದೆ, ಹಿಂದಿನ ಸಾಲಿಗೆ ಗಂಟು ಹಾಕಿ ಸುತ್ತಿಟ್ಟಳು. ನೋಡುವುದಕ್ಕೆ ಡಾಕ್ಟರ ಅಡಿಕೋಲಿದೆ. ಮಾಸ್ತಿಯ ಕೈಯಲ್ಲಿ ಸೂಜಿ ಇನ್ನೂ ಐದನೆಯ ಕಣ್ಣಿನಲ್ಲಿ ತಡವರಿಸುತ್ತಿತ್ತು.

"ದುರ್ಗಿ, ಇಷ್ಟು ದೊಡ್ಡ ಕಣ್ಣಾದ್ರೆ ಮೀನಲ್ಲ, ದೇವಪ್ಪ ಮಾವನ ದೋಣಿಯೇ ತಪ್ಪಿಸ್ಕೊಂಡು ಹೋಗ್ತದೆ."

"ಹೋಗ್ಲಿ ಬಿಡು ಅಣ್ಣ. ಇನ್ನೂ ಏಳು ಉಂಟು, ಕಟ್ಟು" ಎಂದಳು ದುರ್ಗಿ, ನೂಲಿನ ಉಂಡೆಯನ್ನು ಅವನ ಹತ್ತಿರಕ್ಕೆ ಸರಿಸುತ್ತ.